ಕುರಿ ತುಳಿಯದ ತಿರುವು

ಸಿದರಾಯನಿಗೆ ಹನ್ನೊಂದು ದಿನದ ಪಗಾರ ಬರಬೇಕು. ಕೊಡಲು ದುಡ್ಡಿಲ್ಲ ಅಂತ ನಿಲ್ಲಿಸಿದ್ದಲ್ಲ. ಲಕೋಟೆಯಲ್ಲಿ ಹಾಕಿ, ಮೇಲೆ ಅವನ ಹೆಸರು ಬರೆದು, ಆಫೀಸಿನ ಮೇಜಿನ ಮೇಲೆ ಇಟ್ಟಿದ್ದಾರೆ. ಲಕೋಟೆಯ ಪಕ್ಕದಲ್ಲಿ ಒಂದು ಕಾಗದವಿದೆ. ಮೊದಲು ಕಾಗದಕ್ಕೆ ಸಹಿ, ಆಮೇಲೆ ಲಕೋಟೆ. ‘ಸೂಚನೆಯನ್ನು ತಪ್ಪಾಗಿ ತಿಳಿದು ನಾಲ್ಕನೇ ತಿರುವಿಗೆ ನೀರು ಬಿಟ್ಟಿದ್ದರಿಂದ ಅಪಘಾತವಾಗಿರುತ್ತದೆ, ಇದಕ್ಕೆ ನಾನೇ ಹೊಣೆಗಾರನಾಗಿರುತ್ತೇನೆ’ ಎಂದು ಕಾಗದ ಹೇಳುತ್ತದೆ. ಸಿದರಾಯ ಏಳನೇ ಇಯತ್ತೆಯವರೆಗೆ ಸಾಲಿ ಕಲಿತವನು. ಕಾಗದವನ್ನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ, ಇದ್ದಲ್ಲೇ ಇಟ್ಟು ಹೊರಗೆ ಬಂದ.

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ, ಮಚ್ಛೆಯ ಕಾರ್ಖಾನೆಗಳು ಮುಗಿದು ಸ್ವಲ್ಪ ದೂರಕ್ಕೆ ಎಡಗಡೆ ಒಂದು ಮಣ್ಣಿನ ದಾರಿ ಒಡೆಯುತ್ತದೆ. ಅದು ಮುಟ್ಟುವುದು ಕೆಂಪಮಾಳಕ್ಕೆ. ಈಗ ಅಲ್ಲಿ ತಂತಿಬೇಲಿ, ಗೇಟು, ಬಣ್ಣಬಣ್ಣದ ಬಾವುಟ, ಮೋಟಾರ್ ಸೈಕಲ್ ರೇಸಿನ ಟ್ರ್ಯಾಕು. ಮೂವತ್ತು ವರ್ಷದ ಹಿಂದೆ ಇದ್ದದ್ದು ಸಿದರಾಯ, ಅವನ ಎಂಬತ್ತು ಕುರಿ, ಮತ್ತೆ ಬರೀ ಗಾಳಿ.

ಆಗ ಮಚ್ಛೆಯಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದ ಸಂಜಯ ಎಂಬ ಮರಾಠಿ ಹುಡುಗ ಒಂದು ಸೂಟಿಯ ದಿನ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಮಾಳಕ್ಕೆ ಬಂದ. ಮೂರೂ ಗಾಡಿಗಳ ಸೈಲೆನ್ಸರ್ ಬಿಚ್ಚಿದ್ದರು. ಆ ಸದ್ದಿಗೆ ಕುರಿಗಳು ಚೆಲ್ಲಾಪಿಲ್ಲಿಯಾದವು, ಸಿದರಾಯ ಬಡಿಗೆ ಎತ್ತಿದ. ಸಂಜಯ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೈಮುಗಿದು ಮಾತಾಡಿದ್ದರಿಂದ ಬಡಿಗೆ ಇಳಿಯಿತು. ಆದರೆ ಹರಳು ಮಣ್ಣಿನ ಮೇಲೆ ಗಾಡಿ ನಿಲ್ಲಬೇಕಲ್ಲ? ಮೂವರೂ ಬಿದ್ದರು, ಎದ್ದರು, ಮತ್ತೆ ಬಿದ್ದರು. ಒಂದು ತಾಸು ಈ ಮಜಾ ನೋಡಿದ ಸಿದರಾಯನಿಗೆ ಕೊನೆಗೆ ಕನಿಕರ ಬಂತು. ಕುರಿ ದಾರಿ ಹಿಡಿಯಿರಿ, ಅಲ್ಲಿ ನೆಲ ಗಟ್ಟಿ ಇದೆ ಎಂದ.

ಆ ಟ್ರ್ಯಾಕಿನ ನಕ್ಷೆ ಹುಟ್ಟಿದ್ದು ಹೀಗೆ. ಇಂಜಿನಿಯರ್ ಇರಲಿಲ್ಲ, ಕಾಗದವೂ ಇರಲಿಲ್ಲ. ಕುರಿಗಳು ಹಟ್ಟಿಯಿಂದ ಹೊರಟು, ಏರು ಹತ್ತಿ, ನೇರಳೆ ಮರ ಸುತ್ತಿ, ಮತ್ತೆ ಹಟ್ಟಿಗೆ ಬರುವ ದಾರಿ. ಸಿದರಾಯನ ಅಪ್ಪನ ಕಾಲದಿಂದ ತುಳಿದು ಸಿಮೆಂಟಿನ ಹಾಗೆ ಆಗಿದ್ದ ದಾರಿ. ಸುತ್ತಳತೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಎರಡು ವರ್ಷ ತಿರುಗಿ ತಿರುಗಿ ಹುಡುಗರು ಒಂದೊಂದು ಜಾಗಕ್ಕೂ ಹೆಸರಿಟ್ಟರು. ಎಲ್ಲರೂ ಒಟ್ಟಿಗೆ ನುಗ್ಗಿ ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗುವ ಮೊದಲ ತಿರುವು ‘ಸಂತಿ’. ಎರಡನೆಯದು ಎಡಕ್ಕೆ ಬಿಗಿಯಾಗಿ ಸುತ್ತುತ್ತ ಏರುವುದು. ಅಲ್ಲಿ ಗೇರು ತಪ್ಪಿತೋ ಗಾಡಿ ಉಸಿರುಗಟ್ಟಿ ನಿಲ್ಲುತ್ತದೆ, ಅದಕ್ಕೇ ‘ದಮ್ಮು’. ಮೂರನೆಯದು ‘ಮುಗಿಲಮಟ್ಟಿ’, ಅದರ ತುದಿಯಲ್ಲಿ ಕಣ್ಣಿಗೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಆಚೆ ನೆಲವಿದೆ ಅನ್ನುವುದನ್ನು ನಂಬಿಕೊಂಡೇ ಗಾಡಿ ಹಾರಿಸಬೇಕು. ಐದನೆಯದು ನೇರಳೆ ಮರದ ಸುತ್ತು. ಅಲ್ಲಿಂದ ಹಟ್ಟಿಯವರೆಗೆ ನೇರ ಓಟ.

ನಡುವೆ ಉಳಿದದ್ದು ನಾಲ್ಕನೆಯದು, ‘ಕುರಿ ತಿರುವು’. ಮುಗಿಲಮಟ್ಟಿಯಿಂದ ಇಳಿದವರಿಗೆ ನೇರಳೆ ಮರ ಎದುರಿಗೇ ಕಾಣುತ್ತದೆ, ನೇರ ಹೋದರೆ ಮುಗಿಯಿತು. ಆದರೆ ಕುರಿಗಳು ಅಲ್ಲಿ ನೇರ ಹೋಗುತ್ತಿರಲಿಲ್ಲ. ಕುಡಗೋಲಿನ ಹಾಗೆ ಹೊರಕ್ಕೆ ಬಾಗಿ, ನಲವತ್ತು ಹೆಜ್ಜೆ ಸುತ್ತುಹಾಕಿ, ಆಮೇಲೆ ಮರಕ್ಕೆ ಬರುತ್ತಿದ್ದವು. ಹುಡುಗರಿಗೆ ಅಲ್ಲಿ ಬಂದ ವೇಗವೆಲ್ಲ ಹಾಳಾಗುತ್ತಿತ್ತು. ಮರಾಠಿಯವರು ಅದನ್ನು ವಳಣ ಅಂದರು, ಕನ್ನಡದವರು ತಿರುವು ಅಂದರು, ಬಿದ್ದವರು ಎರಡೂ ಭಾಷೆಯಲ್ಲಿ ಬೈದರು. ಸಿದರಾಯನಿಗೆ ಕಾರಣ ಗೊತ್ತಿತ್ತು. ಆ ನೆಲದ ಒಡಲಲ್ಲಿ ಒರತೆ ಇದೆ. ಖಾನಾಪುರದ ಕಡೆಯ ಮಳೆ ಕುಡಿದ ಮಾಳ ಅದು, ಬೇಸಿಗೆ ಹತ್ತಿರ ಬಂದರೂ ಒಳಗೊಳಗೆ ಜಿನುಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಕುರಿ ಅಲ್ಲಿ ಕಾಲಿಡುವುದಿಲ್ಲ, ಇಟ್ಟರೆ ಗೊರಸು ಕೊಳೆಯುತ್ತದೆ. ಇದನ್ನು ಕುರಿಗೆ ಯಾರೂ ಕಲಿಸಿರಲಿಲ್ಲ.

ಮೊದಲ ರೇಸಿನ ಬಹುಮಾನ ಸಿದರಾಯ ಕೊಟ್ಟ ಒಂದು ಟಗರು. ಗೆದ್ದವನು ಸಂಜಯ. ಮಚ್ಛೆಯ ಅವನ ಬಾಡಿಗೆ ಖೋಲಿಯಲ್ಲಿ ಟಗರನ್ನು ಕಟ್ಟಲು ಜಾಗವಿಲ್ಲದೆ ಮೂರನೇ ದಿನ ಅದನ್ನು ಸಿದರಾಯನಿಗೇ ಮಾರಿ ಹೋದ. ಮುಂದೆ ಸಂಜಯ ಸ್ವಂತ ವರ್ಕ್‌ಶಾಪ್ ಹಾಕಿದ. ವರ್ಷಕ್ಕೆ ಎರಡು ರೇಸು ಆದವು, ಕೊಲ್ಲಾಪುರ, ಗೋವಾದಿಂದಲೂ ಹುಡುಗರು ಬಂದರು. ಸಿದರಾಯನ ಕುರಿ ಕಮ್ಮಿಯಾದವು, ಟ್ರ್ಯಾಕಿನ ಕೆಲಸ ಜಾಸ್ತಿಯಾಯಿತು. ಮೂರು ವರ್ಷದ ಹಿಂದೆ ಮಾಳದ ಮಾಲೀಕ ಅದನ್ನು ಹೊರಗಿನ ಒಂದು ಕಂಪನಿಗೆ ಲೀಸಿಗೆ ಕೊಟ್ಟಾಗ, ಕಂಪನಿಯವರು ಬೇಲಿ ಹಾಕಿದರು, ಟಿಕೆಟ್ ಇಟ್ಟರು, ಸಿದರಾಯನನ್ನು ನೀರಿನ ಟ್ಯಾಂಕರಿಗೆ ಇಟ್ಟುಕೊಂಡರು.

ನೀರು ಹಾಕುವುದು ಸಣ್ಣ ಕೆಲಸ ಎಂದುಕೊಂಡವರು ಒಮ್ಮೆ ಹಾಕಿ ನೋಡಬೇಕು. ಕಮ್ಮಿಯಾದರೆ ಧೂಳೆದ್ದು ಹಿಂದಿನವನಿಗೆ ಮುಂದಿನವನು ಕಾಣುವುದಿಲ್ಲ, ಹೆಚ್ಚಾದರೆ ಕೆಂಪು ಮಣ್ಣು ಬೆಣ್ಣೆಯಾಗುತ್ತದೆ. ಸಿದರಾಯ ತಿರುವು ತಿರುವಿಗೂ ಇಳಿದು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕುತ್ತಿದ್ದ. ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದರೆ ಒಡೆಯಬೇಕು. ಒಡೆಯದಿದ್ದರೆ ನೀರು ಜಾಸ್ತಿ. ಮೂರು ವರ್ಷದಲ್ಲಿ ಅವನ ನೀರಿಗೆ ಒಬ್ಬನೂ ಜಾರಿ ಬಿದ್ದಿರಲಿಲ್ಲ.

ಹೋದ ದೀಪಾವಳಿಯ ಮೇಲೆ ಕಂಪನಿಯ ಇಂಜಿನಿಯರ್ ಲ್ಯಾಪ್‌ಟಾಪಿನಲ್ಲಿ ಕುರಿ ತಿರುವಿನ ಮೇಲೆ ಒಂದು ನೇರ ಗೆರೆ ಎಳೆದ. ಹೀಗೆ ಮಾಡಿದರೆ ಓಟ ಉದ್ದವಾಗುತ್ತದೆ, ಗಾಡಿಗಳು ಬುಲೆಟ್ ಹಾಗೆ ಬರುತ್ತವೆ, ಜನ ಅದಕ್ಕೇ ಟಿಕೆಟ್ ತೆಗೆಯುತ್ತಾರೆ ಎಂದ. ಜೆಸಿಬಿ ಬಂದು ಸುತ್ತುದಾರಿ ಮುಚ್ಚಿ, ಒರತೆಯ ನೆಲದ ಮೇಲೆ ಮಣ್ಣು ಹೇರಿ ರೋಲರ್ ಹೊಡೆಯಿತು. ಅಲ್ಲಿ ಕುರಿ ಕಾಲಿಡುವುದಿಲ್ಲ ಎಂದು ಸಿದರಾಯ ಮ್ಯಾನೇಜರ್ ಶಶಿಧರನಿಗೆ ಹೇಳಿದ. ಶಶಿಧರ ತುಮಕೂರು ಕಡೆಯವನು, ಕೆಟ್ಟ ಮನುಷ್ಯನಲ್ಲ. ನಕ್ಕ. “ನಾವು ಓಡಿಸೋದು ಬೈಕು ಯಜಮಾನ್ರೇ, ಕುರಿ ಅಲ್ಲ.”

ಫೆಬ್ರವರಿಯ ಹನ್ನೊಂದಕ್ಕೆ ರೇಸು. ಬೆಳಿಗ್ಗೆ ಬಿಸಿಲೇರುವ ಮೊದಲು ಸಿದರಾಯ ಟ್ಯಾಂಕರ್ ತಗೊಂಡು ಹೊರಟ. ಸಂತಿ, ದಮ್ಮು, ಮುಗಿಲಮಟ್ಟಿ ಮುಗಿದವು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಶಶಿಧರನ ದನಿ: “ನಾಲ್ಕನೇದು ಬಿಡಿ.”

ಸಿದರಾಯ ಬ್ರೇಕ್ ಹಾಕಿದ. ನಮ್ಮಲ್ಲಿ ಹೊಲಕ್ಕೆ ನೀರು ಬಿಡುವುದೂ ಬಿಡುವುದೇ, ಊಟ ಬಿಡುವುದೂ ಬಿಡುವುದೇ. ಒಂದರಲ್ಲಿ ಹರಿಯುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ಅವನು ಮರಳಿ ಕೇಳಿದ:

“ಬಿಡೂದಂದ್ರ ಹಾಕೂದೋ, ಹಾಕದಿರೂದೋ, ಸಾಹೇಬ್ರ?”

“ಬಿಡಿ ಅಂದ್ರೆ ಬಿಡಿ ಯಜಮಾನ್ರೇ, ಟೈಮಿಲ್ಲ.”

ಸಿದರಾಯ ಇಳಿದು ಮಣ್ಣು ಹಿಚುಕಿದ. ಹನಿ ನೀರು ಹಾಕದ ಮಣ್ಣು ಉಂಡೆ ಕಟ್ಟಿತು, ಹೆಬ್ಬೆರಳಿಗೆ ಒಡೆಯಲಿಲ್ಲ. ವಾಲ್ವ್ ಮುಚ್ಚಿ, ನಾಲ್ಕನೆಯದನ್ನು ದಾಟಿ, ಐದಕ್ಕೆ ಹೋದ. ದಾರಿಯಲ್ಲಿ ಮತ್ತೆ ವಾಕಿಟಾಕಿ ಒತ್ತಿ ಅಲ್ಲಿ ನೆಲ ಹಸಿ ಇದೆ ಎಂದ. ಇಬ್ಬನಿ ಇರಬೇಕು, ಬಿಸಿಲಿಗೆ ಒಣಗುತ್ತದೆ ಎಂದು ಉತ್ತರ ಬಂತು.

ಬಿಸಿಲು ಬಂತು. ಮೇಲಿನ ಮಣ್ಣು ಬೆಳ್ಳಗಾಯಿತು, ಒಳಗೆ ಹಾಗೇ ಉಳಿಯಿತು. ಮೂರನೇ ಸುತ್ತಿನಲ್ಲಿ, ಎಲ್ಲರಿಗಿಂತ ಮುಂದಿದ್ದ ವಡಗಾವಿಯ ಸಮೃದ್ಧಿ ಮುಗಿಲಮಟ್ಟಿಯಿಂದ ಇಳಿದು ಪೂರ್ತಿ ವೇಗದಲ್ಲಿ ನಾಲ್ಕಕ್ಕೆ ಬಂದಳು. ಹಿಂದಿನ ಗಾಲಿ ಮೇಲ್ಪದರ ಒಡೆದು ಒಳಗಿನ ಕೆಸರಿಗೆ ಇಳಿಯಿತು. ಗಾಡಿ ಒಂದು ಕಡೆ, ಹುಡುಗಿ ಒಂದು ಕಡೆ. ಹತ್ತೊಂಬತ್ತು ವರ್ಷ, ನೇಕಾರರ ಮನೆಯ ಮಗಳು, ಆ ಸಲದ ಚಾಂಪಿಯನ್ ಆಗಬೇಕಿದ್ದವಳು. ಹೆಗಲ ಎಲುಬು ಮುರಿಯಿತು.

ಮರುದಿನವೇ ಆ ಕಾಗದ ಟೈಪಾಯಿತು. ಮ್ಯಾನೇಜರು ‘ಬಿಡಿ’ ಅಂದದ್ದು ನೀರು ಹಾಕಬೇಡಿ ಅಂತ, ಹಳ್ಳಿಯ ಮುದುಕ ತಿಳಿದದ್ದು ಹಾಕಿ ಅಂತ. ಎಷ್ಟು ಚಂದದ ಕಥೆ ನೋಡಿ! ಕೇಳಿದವರೆಲ್ಲ ನಕ್ಕು ನಂಬಿದರು. ಸಮೃದ್ಧಿಯ ಅಪ್ಪನಿಗೂ ಅದನ್ನೇ ಹೇಳಿ, ಆ ಮುದುಕನ ಮೇಲೆ ಫಿರ್ಯಾದು ಕೊಡಿ ಎಂದರು.

ಸಿದರಾಯ ಎರಡು ದಿನ ಮನೆಯಲ್ಲಿ ಕೂತು ತನ್ನಷ್ಟಕ್ಕೆ ಮಾತಾಡಿದ. ಅವನ ಹೆಂಡತಿ ಸಾತವ್ವನಿಗೆ ಸಾಕಾಯಿತು. “ತಪ್ಪ ಮಾಡಿದ್ರ ಹೋಗಿ ಸಹಿ ಹಾಕಿ ಬರ್ರಿ. ಮಾಡಿಲ್ಲಂದ್ರ ಅಲ್ಲೇ ಹೋಗಿ ಕುಂದರ್ರಿ. ಮನ್ಯಾಗ ಕುಂತ ಗೊಣಗಬ್ಯಾಡ್ರಿ” ಎಂದು ಕಂಬಳಿ ತಂದು ಹೆಗಲ ಮೇಲೆ ಹಾಕಿದಳು.

ಅವನು ನಾಲ್ಕನೇ ತಿರುವಿನ ನಟ್ಟನಡುವೆ ಕಂಬಳಿ ಹಾಸಿ ಕೂತ. ಟ್ಯಾಂಕರಿನ ಕೀಲಿಯನ್ನು ಆಫೀಸಿನವರು ಆಗಲೇ ವಾಪಸ್ ತಗೊಂಡಿದ್ದರು. ಕಾವಲುಗಾರರು ಎಬ್ಬಿಸಲು ಬಂದರು; ಅವನು ಏಳಲಿಲ್ಲ, ಅವರೂ ಅವನ ಪರಿಚಯದವರೇ, ಎತ್ತಿ ಒಯ್ಯಲು ಮನಸ್ಸು ಬರಲಿಲ್ಲ. ಕಂಬಳಿಯ ಮೇಲೆ ಎಷ್ಟು ಮಳೆ ಬಿದ್ದರೂ ಕುರುಬ ಬೆಚ್ಚಗಿರುತ್ತಾನೆ. ಆ ದಿನ ಮಧ್ಯಾಹ್ನಕ್ಕೆ ಅದು ಮೇಲೆ ಒಣಗಿದ್ದು ಕೆಳಗೆ ತೊಯ್ದಿತ್ತು. ಸಂಜೆ ಹಿಂಡಿದರೆ ಕೆಂಪು ನೀರು ಬಂತು. ಸಾತವ್ವ ದಿನಾ ಒಣಗಿಸಿ ಕೊಟ್ಟಳು, ಅದು ದಿನಾ ತೊಯ್ದಿತು. ಐದು ದಿನ. ಮೋಡ ಕೂಡ ಇಲ್ಲದ ಫೆಬ್ರವರಿ.

ಕುರಿ ತಿರುವು ಮೊದಲು ಹೇಗಿತ್ತು, ಯಾಕಿತ್ತು ಎಂದು ಹೇಳಬಲ್ಲ ಇನ್ನೊಬ್ಬ ಮನುಷ್ಯನೆಂದರೆ ಸಂಜಯ. ಸಿದರಾಯ ಹೇಳಿಕಳಿಸಿದ. ಕಂಪನಿಯ ಗಾಡಿಗಳೆಲ್ಲ ರಿಪೇರಿಗೆ ಬರುವುದು ಸಂಜಯನ ವರ್ಕ್‌ಶಾಪಿಗೆ. ಅವನು ಬರಲಿಲ್ಲ. ಅವನ ಹಳೇ ಗೆಳೆತನದ ಕಥೆ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು: ಬರಲಿಲ್ಲ.

ಬಂದದ್ದು ಸಮೃದ್ಧಿ. ಆರನೇ ದಿನ, ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಬೈಯಲೆಂದೇ ಬಂದಿದ್ದಳು. ಹದಿನಾಲ್ಕನೇ ವಯಸ್ಸಿನಿಂದ ಅದೇ ಮಾಳದಲ್ಲಿ ಗಾಡಿ ಓಡಿಸಿದವಳು, ಸಲುಗೆ ಇತ್ತು.

“ಕಾಕಾ, ಖರೇ ಹೇಳು. ನೀರ ಬಿಟ್ಟಿಯೋ ಇಲ್ಲೋ?”

“ಕುಂದರು.”

“ಕುಂದರಾಕ ಬಂದಿಲ್ಲ ನಾ. ಮೂರ ತಿಂಗಳ ಗಾಡಿ ಮುಟ್ಟಬ್ಯಾಡ ಅಂದಾರ ಡಾಕ್ಟರು.”

“ನಾ ಹೇಳಿದ್ರ ನಂಬತಿಯೋ ಇಲ್ಲೋ. ಒಂದ ಅರ್ಧಾ ತಾಸ ಕುಂದರು, ನಿನ್ನ ಪ್ಯಾಂಟ ಹೇಳತೈತಿ.”

ಕಂಬಳಿಯ ಪಕ್ಕದ ಬರಿ ನೆಲದ ಮೇಲೆ ಅವಳು ಕೂತಳು. ಅರ್ಧ ತಾಸಿನಲ್ಲಿ ಸಿದರಾಯ ಕುರಿಯ ಕಥೆ, ಒರತೆಯ ಕಥೆ, ವಾಕಿಟಾಕಿಯ ಕಥೆ ಎಲ್ಲ ಹೇಳಿದ. ತನ್ನ ತಪ್ಪನ್ನೂ ಹೇಳಿದ. ನೆಲ ಹಸಿ ಇದ್ದದ್ದು ಅವನ ಕೈಗೆ ಗೊತ್ತಾಗಿತ್ತು. ಟ್ಯಾಂಕರನ್ನು ಅಡ್ಡ ನಿಲ್ಲಿಸಿ ರೇಸನ್ನು ತಡೆಯಬೇಕಿತ್ತು. ಹೇಳಿ ಸುಮ್ಮನಾದದ್ದು ತಪ್ಪು. ಆ ತಪ್ಪನ್ನು ಬರೆದು ತಂದರೆ ಈಗಲೇ ಸಹಿ ಹಾಕುತ್ತೇನೆ ಎಂದ. ಅದಕ್ಕೆ ಅವಳು ಚೆನ್ನಾಗಿಯೇ ಬೈದಳು, ಅವನು ಬೈಸಿಕೊಂಡ. ಆಮೇಲೆ ಎದ್ದು ಹಿಂದೆ ಕೈ ಹಾಕಿ ನೋಡಿಕೊಂಡಳು.

“ಅಯ್ಯ, ಪೂರಾ ತೊಯ್ದೈತಲ್ಲೋ ಕಾಕಾ.”

“ಆವತ್ತ ನಿನ್ನ ಗಾಲಿಗೂ ಹಿಂಗ ಆತು.”

ಸಮೃದ್ಧಿ ಬಟ್ಟೆ ಝಾಡಿಸಲಿಲ್ಲ. ಹಾಗೇ ನಡೆದು ಆಫೀಸಿಗೆ ಹೋದಳು. ಒಳಗೆ ಶಶಿಧರ, ಇಬ್ಬರು ಕ್ಲಾರ್ಕುಗಳು, ಸ್ಪಾನ್ಸರ್ ಕಡೆಯ ಒಬ್ಬ ದೊಡ್ಡ ಮನುಷ್ಯ. ಮೇಜಿನ ಮುಂದೆ ನಿಂತು, ತಿರುಗಿ, ಕೆಂಪು ಕೆಸರು ಮೆತ್ತಿದ ಪ್ಯಾಂಟಿನ ಹಿಂಭಾಗವನ್ನು ಅವರಿಗೆ ತೋರಿಸಿ ಕೇಳಿದಳು:

“ಇದನ್ನೂ ಕಾಕಾನ ಬಿಟ್ಟಾನೇನ್ರಿ?”

ಶಶಿಧರ ಫ್ಯಾನು ನೋಡಿದ. ಫಿರ್ಯಾದಿನ ಮಾತು ನಿಂತಿತು. ಹತ್ತು ದಿನಕ್ಕೆ ಜೆಸಿಬಿ ಮತ್ತೆ ಬಂತು, ನೇರ ಗೆರೆ ಹೋಯಿತು, ಕುಡಗೋಲಿನ ಸುತ್ತು ಇದ್ದ ಹಾಗೇ ಮರಳಿ ಬಂತು. ‘ವಾಡಿಕೆಯ ಸುಧಾರಣೆ’ ಎಂದು ಗೇಟಿಗೆ ಬೋರ್ಡು ಹಾಕಿದರು.

ಕಾಗದ ಮಾತ್ರ ಹಾಗೇ ಉಳಿಯಿತು. ಅದನ್ನೂ ಲಕೋಟೆಯನ್ನೂ ಹಿಡಿದು ಶಶಿಧರನೇ ಸಿದರಾಯನ ಮನೆಗೆ ಬಂದ. ಸಾತವ್ವ ಕೊಟ್ಟ ಚಹಾ ಕುಡಿದು ಇದ್ದದ್ದು ಇದ್ದ ಹಾಗೆ ಹೇಳಿದ. ತಪ್ಪು ನೆಲದ್ದು ಎಂದು ಬರೆದರೆ ನಕ್ಷೆ ಬರೆದವನ ಮೇಲೆ ಬರುತ್ತದೆ, ಆಸ್ಪತ್ರೆಯ ಖರ್ಚು ಕಂಪನಿಯ ಮೇಲೆ ಬೀಳುತ್ತದೆ, ತನ್ನ ನೌಕರಿಯೂ ಹೋಗುತ್ತದೆ. ತಿರುವು ಸರಿಯಾಯಿತಲ್ಲ, ಇನ್ನೇನು ಬೇಕು?

“ಒಂದು ಸಹಿ ಯಜಮಾನ್ರೇ. ಹಾಕಿ ಬಿಡಿ.”

ಸಿದರಾಯ ಅವನ ಮುಖವನ್ನೇ ನೋಡಿದ. “ಹಾಕೂದೋ, ಬಿಡೂದೋ? ಒಂದ ಹೇಳ್ರಿ ಸಾಹೇಬ್ರ.”

ಶಶಿಧರ ಪೆನ್ನು ಮುಂದೆ ಹಿಡಿದ.

“ಆವತ್ತ ಬಿಡ್ರಿ ಅಂದ್ರಿ, ನಾ ಹಾಕದ ಬಿಟ್ಟೆ. ಇವತ್ತೂ ಅಷ್ಟ ತಗೋರಿ.”

ಲಕೋಟೆ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಟ್ಯಾಂಕರ್ ಈಗ ಬೇರೆಯವನು ಓಡಿಸುತ್ತಾನೆ. ಸಿದರಾಯನ ಉಳಿದ ಹದಿನೇಳು ಕುರಿಗಳು ಬೇಲಿಯ ಸಂದಿಯಲ್ಲಿ ನುಗ್ಗಿ, ಹಳೇ ದಾರಿಯಲ್ಲಿ, ಹಳೇ ಸುತ್ತು ಹಾಕಿ ನೇರಳೆ ಮರಕ್ಕೆ ಹೋಗುತ್ತವೆ. ಅವನು ತನ್ನ ಪಗಾರಕ್ಕಾಗಿ ವಾರಕ್ಕೊಮ್ಮೆ ಆಫೀಸಿನ ಮೆಟ್ಟಿಲ ಮೇಲೆ ಕಂಬಳಿ ಹಾಸಿ ಕೂತು ಬರುತ್ತಾನೆ. ಸಹಿಯಿಲ್ಲದ ಆ ಕಾಗದ ಫೈಲಿನಲ್ಲಿದೆ. ಹುಡುಗಿಯ ಎಲುಬು ಮುರಿದವನು ಸಿದರಾಯ ಎಂದು ಅದು ಇವತ್ತಿಗೂ ಹೇಳುತ್ತಿದೆ.

ಮುಂದಿನ ರೇಸಿಗೆ ನೀವು ಹೋಗುತ್ತೀರಿ, ಗೊತ್ತು. ಮುಗಿಲಮಟ್ಟಿಯಿಂದ ಗಾಡಿ ಹಾರುವಾಗ ಸಿಳ್ಳೆ ಹೊಡೆಯುತ್ತೀರಿ, ಹೊಡೆಯಿರಿ. ಗೇಟಿನ ಬಲಕ್ಕೆ ಟಿಕೆಟ್ ಕಿಟಕಿ ಇದೆ, ಎಡಕ್ಕೆ ಆಫೀಸಿದೆ. ಮೊದಲು ಎಡಕ್ಕೆ ಹೋಗಿ. ಸಿದರಾಯನ ಕಾಗದ ತೋರಿಸಿ ಎಂದು ಕೇಳಿ. ನಿಮ್ಮ ಕಣ್ಣೆದುರಿಗೆ ಅದನ್ನು ಹರಿದು ಲಕೋಟೆಯನ್ನು ಅವನ ಕೈಗೆ ಕೊಡುವವರೆಗೆ ಬಲಕ್ಕೆ ಹೋಗಬೇಡಿ.