ಹೊಳೆಯಪ್ಪ ಮಲಗಿಸಿದ ಮೂರು ಸಾಲು

ಮುಗದ ಹಳ್ಳಿಯ ಹೊಳೆಯಪ್ಪ ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟವನಲ್ಲ. ಒಡಹುಟ್ಟಿದ ತಮ್ಮ ಮಾಳಿಗೆ ಮನೆ ಕಟ್ಟಿಸಿದಾಗ ತಾನೇ ನಿಂತು ಇಟ್ಟಂಗಿ ಹೊರಿಸಿದವನು. ಅಂಥವನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ, ೨೦೦೬ರ ಮಳೆಗಾಲದಲ್ಲಿ, ಮಗಳ ವಯಸ್ಸಿನ ಒಬ್ಬಳನ್ನು ಕಂಡರೆ ಉರಿಯತೊಡಗಿತು.

ಹರೆಯದಲ್ಲಿ ಅವನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಕಲಿತಿದ್ದ. ತೊಂಬತ್ತೊಂದರಲ್ಲಿ ನವನಗರದ ಧ್ವನಿಪುಸ್ತಕ ಕೇಂದ್ರಕ್ಕೆ ಸೇರಿದ. ಕಣ್ಣಿಲ್ಲದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಕ್ಯಾಸೆಟ್ಟಿಗೆ ಇಳಿಸುವ ಕೇಂದ್ರ ಅದು. ಎರಡು ಪುಟ್ಟ ಕೋಣೆ, ಎರಡು ಮೈಕು. ಓದುವವರು ಬಂದು ಕೂತು ಓದುತ್ತಿದ್ದರು, ಹೊಳೆಯಪ್ಪ ಹೊರಗೆ ಕೂತು ಇಳಿಸಿಕೊಳ್ಳುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಯಾರೋ ಪುಣ್ಯಾತ್ಮರು ಒಂದು ಕಂಪ್ಯೂಟರ್ ದಾನ ಕೊಟ್ಟರು. ಅದರಲ್ಲಿ ಮೂರು ಸೌಂಡ್ ಕಾರ್ಡು. ಒಂದಕ್ಕೆ ಎಡಗೋಣೆಯ ಮೈಕು, ಇನ್ನೊಂದಕ್ಕೆ ಬಲಗೋಣೆಯ ಮೈಕು, ಮೂರನೆಯದು ಬರೀ ಹೆಡ್‌ಫೋನಿನಲ್ಲಿ ಕೇಳಲಿಕ್ಕೆ. ಆದರೆ ಕಂಪ್ಯೂಟರ್ ಚಾಲೂ ಆಗುವಾಗ ಯಾವ ಕಾರ್ಡು ಮೊದಲು ಎಚ್ಚರಾಗುತ್ತದೋ ಅದಕ್ಕೆ ಮೊದಲ ನಂಬರು. ಇವತ್ತು ಒಂದು, ನಾಳೆ ಇನ್ನೊಂದು. ಕರೆಂಟು ಹೋಗಿ ಬಂತೆಂದರೆ ಸಾಕು, ಎಡಗೋಣೆಯ ಇತಿಹಾಸ ಬಲಗೋಣೆಯ ವ್ಯಾಕರಣದ ಫೈಲಿನಲ್ಲಿ ಬಂದು ಕೂಡುತ್ತಿತ್ತು.

ಇದನ್ನು ಸರಿಮಾಡುವುದು ಹೊಳೆಯಪ್ಪನಿಗೊಬ್ಬನಿಗೇ ಗೊತ್ತಿತ್ತು. ಒಂದೊಂದು ಮೈಕನ್ನೂ ಉಗುರಿನಿಂದ ಬಡಿದು, ಹೆಡ್‌ಫೋನಿಗೆ ಕಿವಿಗೊಟ್ಟು, ಯಾವುದು ಎಲ್ಲಿ ಹೋಗಿದೆ ಎಂದು ಕಂಡುಹಿಡಿದು, ಹಿಂದೆ ಕೈಹಾಕಿ ವೈರು ಅದಲುಬದಲು ಮಾಡುತ್ತಿದ್ದ. ಕೇಂದ್ರದ ಮುಖ್ಯಸ್ಥೆ ಕಾವೇರಿಬಾಯಿ ಎಲ್ಲರಿಗೂ ಹೇಳಿಬಿಟ್ಟಿದ್ದರು: “ಹೊಳೆಯಪ್ಪ ಬಂದು ಬಡದು ನೋಡೂತನಕಾ ಯಾರೂ ಓದಾಕ ಕುಂದ್ರಬ್ಯಾಡ್ರಿ.” ಎರಡು ವರ್ಷ ಅವನು ಒಂದು ದಿನವೂ ರಜೆ ಹಾಕಲಿಲ್ಲ. “ನಾ ಇಲ್ಲಂದ್ರ ಅಲ್ಲಿ ದನಿನ ಹೊಂಡೂದಿಲ್ಲ” ಎಂದು ಹೆಂಡತಿ ದುರಗವ್ವನ ಮುಂದೆ ಹೇಳಿಕೊಳ್ಳುತ್ತಿದ್ದ.

ಕೆಲಸ ಹೆಚ್ಚಾಯಿತೆಂದು ಆ ವರ್ಷ ಸಂಘಮಿತ್ರಾಳನ್ನು ತೆಗೆದುಕೊಂಡರು. ಧಾರವಾಡದ ಶಾಲಾ ಮಾಸ್ತರರ ಮಗಳು, ಇಪ್ಪತ್ತಾರು ವರ್ಷ, ಮಾತು ಕಡಿಮೆ. ಅವಳು ಬಂದ ಎರಡನೆಯ ವಾರ ಹೊಳೆಯಪ್ಪನಿಗೆ ಬಸ್ಸು ತಪ್ಪಿತು. ಎಲ್ಲರೂ ತನಗಾಗಿ ಕಾಯುತ್ತಿರುತ್ತಾರೆಂದು ಓಡಿ ಬಂದರೆ, ಓದು ನಡೆದಿದೆಯೆಂದು ತೋರಿಸುವ ಕೆಂಪುದೀಪ ಎರಡೂ ಕೋಣೆಯಲ್ಲಿ ಹತ್ತಿದ್ದವು.

“ವೈರ್ ಯಾರು ಹಚ್ಚಿದ್ರು?”

“ವೈರ್ ಮುಟ್ಟಿಲ್ರಿ ಕಾಕಾ” ಎಂದಳು ಸಂಘಮಿತ್ರಾ. “ಒಂದು ಫೈಲಿನ್ಯಾಗ ಮೂರು ಸಾಲು ಬರದೇನಿ. ಯಾವ ಕಾರ್ಡಿಗೆ ಯಾವ ನಂಬರಂತ. ಇನ್ನ ಅವು ತಮ್ಮ ಜಾಗಾ ಬಿಡೂದಿಲ್ಲ.”

ಕಾವೇರಿಬಾಯಿ ನಂಬದೆ ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿಸಿದರು. ಮೂರೂ ಸಲ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಅಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹೊಳೆಯಪ್ಪನೂ ತಟ್ಟಿದ.

ಅಂದಿನಿಂದ ಕಾವೇರಿಬಾಯಿ ದಿನಕ್ಕೆ ಎಷ್ಟು ಸಲ “ಸಂಘಮಿತ್ರಾ” ಎನ್ನುತ್ತಾರೆಂದು ಅವನ ಕಿವಿ ಲೆಕ್ಕ ಹಿಡಿಯತೊಡಗಿತು. ಅವಳು ನಕ್ಕರೆ ತನ್ನನ್ನೇ ನೋಡಿ ನಕ್ಕಳೇನೋ ಅನಿಸುತ್ತಿತ್ತು. ಎಲ್ಲಕ್ಕಿಂತ ಚುಚ್ಚಿದ್ದು ಯಾಕೂಬಸಾಬರ ಮಾತು. ಅವರು ರಾಯಾಪುರದ ನಿವೃತ್ತ ಪೋಸ್ಟ್ ಮಾಸ್ತರು, ಹದಿಮೂರು ವರ್ಷದಿಂದ ಬಂದು ಓದುತ್ತಿದ್ದವರು. ಓದು ಮುಗಿಸಿ ಹೊರಬಂದ ಕೂಡಲೇ “ಹೊಳೆಯಪ್ಪಾ, ಇವತ್ತ ದನಿ ಹ್ಯಾಂಗಿತ್ತು?” ಎಂದು ಕೇಳುವುದು ಅವರ ರೂಢಿ. ಒಂದು ದಿನ ಹೊರಬಂದವರು ಅವನನ್ನು ದಾಟಿ ಹೋಗಿ, “ಸಂಘಮಿತ್ರಾ, ಇವತ್ತ ದನಿ ಹ್ಯಾಂಗಿತ್ತವ್ವಾ?” ಎಂದರು.

ಆ ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಹೊಳೆಯಪ್ಪ ಆ ಫೈಲು ತೆರೆದ. ಸಾಲಿನ ಮುಂದೆ ಒಂದು ಹ್ಯಾಶ್ (#) ಗುರುತು ಹಾಕಿದರೆ ಕಂಪ್ಯೂಟರ್ ಅದನ್ನು ಓದುವುದಿಲ್ಲ, ಆ ಸಾಲು ಮಲಗಿಬಿಡುತ್ತದೆಂದು ಅವಳೇ ಕಲಿಸಿದ್ದಳು. ಮೂರು ಸಾಲಿಗೆ ಮೂರು ಗುರುತು ಹಾಕಿ ಉಳಿಸಿದ. ಇನ್ನು ಕರೆಂಟು ಹೋಗುವುದೊಂದೇ ಬಾಕಿ. ಕಾರ್ಡುಗಳು ಕಲೆಸಿಹೋದರೆ “ಹೊಳೆಯಪ್ಪನ ಕರೀರಿ” ಎಂದು ಎಲ್ಲರೂ ಅನ್ನಲೇಬೇಕು.

ಆದರೆ ನಾಲ್ಕು ದಿನ ಕರೆಂಟು ಹೋಗಲೇ ಇಲ್ಲ. ದಿನಕ್ಕೆರಡು ಸಲ ಹೋಗುವ ಕರೆಂಟು! ಕೇಂದ್ರದಲ್ಲಿ ಕಂಪ್ಯೂಟರನ್ನು ಹಗಲೂ ರಾತ್ರಿ ಆರಿಸುತ್ತಿರಲಿಲ್ಲ. ಐದನೆಯ ದಿನ ಹೋಗಿ ಬಂತು. ಕಾರ್ಡುಗಳು ಅವನ ಮೇಲೆ ಹಟಕ್ಕೆ ಬಿದ್ದಂತೆ ತಮ್ಮ ತಮ್ಮ ಜಾಗದಲ್ಲೇ ಎದ್ದು ಕೂತವು.

ಶನಿವಾರ ಅವನು ಕೆಟ್ಟ ಹೆಡ್‌ಫೋನು ರಿಪೇರಿಗೆಂದು ಹುಬ್ಬಳ್ಳಿಗೆ ಹೋಗಿದ್ದ. ಅದೇ ಮುಂಜಾನೆ ಯಾಕೂಬಸಾಬರು ಬಂದಿದ್ದರು. ಗಂಟಲು ಒಡೆದಿತ್ತು, ಮೂರು ತಿಂಗಳು ಮಾತೇ ಆಡಬಾರದೆಂದು ಡಾಕ್ಟರರು ಹೇಳಿದ್ದರು. ಇತಿಹಾಸದ ಪುಸ್ತಕದ ಕೊನೆಯ ಎರಡು ಪಾಠ ಮುಗಿಸಿಯೇ ಸುಮ್ಮನಾಗುತ್ತೇನೆಂದು ಹಟ ಹಿಡಿದು ಎಡಗೋಣೆಯಲ್ಲಿ ಕೂತರು. ಅವರು ಬರುವ ಮೊದಲೇ ಕರೆಂಟು ಹೋಗಿ ಬಂದಿತ್ತು. ಸಂಘಮಿತ್ರಾ ತನ್ನ ಮೂರು ಸಾಲಿನ ಭರವಸೆಯ ಮೇಲೆ ಯಂತ್ರ ಚಾಲೂ ಮಾಡಿ, ಪಕ್ಕದಲ್ಲಿ ಮುಗಿದ ಪುಸ್ತಕಗಳ ಸೀಡಿಗಳ ಮೇಲೆ ಹೆಸರು ಬರೆಯುತ್ತ ಕೂತಳು. ಎಡಗೋಣೆಯ ನಂಬರು ಮೈಕೇ ಇಲ್ಲದ ಮೂರನೆಯ ಕಾರ್ಡಿಗೆ ಹೋಗಿತ್ತು; ಎರಡೂವರೆ ತಾಸು ಓದಿದ್ದು ಒಂದಕ್ಷರವೂ ಇಳಿದಿರಲಿಲ್ಲ. ಹಾಕಿ ಕೇಳಿದರೆ ಬರೀ ಗುಂಯ್ ಎನ್ನುವ ಸದ್ದು.

ಹೊಳೆಯಪ್ಪ ತಿರುಗಿ ಬಂದಾಗ ಯಾಕೂಬಸಾಬರು ಮನೆಗೆ ಹೋಗಿಯಾಗಿತ್ತು. ಕಾವೇರಿಬಾಯಿ ಸಂಘಮಿತ್ರಾಳ ಮೇಲೆ ಸಿಟ್ಟಾಗಿದ್ದರು.

“ಒಂದ ಸಲ ಕಿವಿಗೆ ಹಚ್ಚಿ ಕೇಳಾಕ ಏನಾಗಿತ್ತು ನಿನಗ?”

“ನಂದ ತಪ್ಪರಿ. ಕೇಳಬೇಕಿತ್ತು” ಎಂದಳು ಸಂಘಮಿತ್ರಾ.

ಅವಳ ಮುಂದೆ ಪರದೆಯ ಮೇಲೆ ಆ ಫೈಲು ತೆರೆದೇ ಇತ್ತು. ಮೂರು ಹ್ಯಾಶ್ ಗುರುತು ಎದ್ದು ಕಾಣುತ್ತಿದ್ದವು. ಅವಳು ಹೊಳೆಯಪ್ಪನನ್ನು ಒಮ್ಮೆ ನೋಡಿದಳು, ಗುರುತುಗಳನ್ನು ಒಂದೊಂದಾಗಿ ಅಳಿಸಿದಳು, ಏನೂ ಅನ್ನಲಿಲ್ಲ. ಅವಳು ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಸುಮ್ಮನಿರುವುದರಲ್ಲೂ ಇವಳೇ ಗೆದ್ದಳಲ್ಲ ಎಂದು, ಆ ಹೊತ್ತಿನಲ್ಲೂ, ಅವನಿಗೆ ಉರಿಯಿತು.

ರವಿವಾರ ಅವನು ರಾಯಾಪುರಕ್ಕೆ ಹೋದ. ಯಾಕೂಬಸಾಬರ ಹೆಂಡತಿ ಕರೀಮಾಬಿ ಬಾಗಿಲು ತೆಗೆದರು.

“ಅವರು ಮಾತಾಡಂಗಿಲ್ಲಪಾ. ಎಲ್ಲಾ ಪಾಟಿ ಮ್ಯಾಲೆ ಬರೀತಾರು.”

“ಮಾತಾಡೂದು ನಂದೈತ್ರಿ” ಎಂದ ಹೊಳೆಯಪ್ಪ.

ಕಟ್ಟೆಯ ತುದಿಗೆ ಕೂತು ಎಲ್ಲವನ್ನೂ ಹೇಳಿದ. ಚಪ್ಪಾಳೆ, ಹ್ಯಾಶ್ ಗುರುತು, ಕರೆಂಟಿಗಾಗಿ ಕಾದದ್ದು, ಅವರು ತನ್ನನ್ನು ದಾಟಿ ಹೋದದ್ದು. ಕರೀಮಾಬಿ ಕೈಯಲ್ಲಿದ್ದ ಚಹಾ ಕೊಡುವುದನ್ನೇ ಮರೆತು ನಿಂತರು. ಯಾಕೂಬಸಾಬರು ತೊಡೆಯ ಮೇಲಿನ ಸ್ಲೇಟು ಪಾಟಿ ಒರೆಸಿದರು. ಆಮೇಲೆ ಬರೆದು ಅವನತ್ತ ತಿರುಗಿಸಿದರು: ‘ಹುಡುಗರ ಪರೀಕ್ಷೆ ನವೆಂಬರಿಗೆ. ಉಳಿದ ಎರಡು ಪಾಠ ನೀನೇ ಓದು.’

“ನಾನ? ನನ್ನ ನಾಲಗಿ ಹೊರಳೂದಿಲ್ರೀ.”

ಅವರು ‘ನೀನೇ’ ಎಂಬುದರ ಕೆಳಗೆ ಗೆರೆ ಎಳೆದರು.

ಸೋಮವಾರ ಕಾವೇರಿಬಾಯಿಯ ಮುಂದೆ, ಸಂಘಮಿತ್ರಾಳನ್ನೂ ಕರೆಸಿ, ಅವನು ಮತ್ತೊಮ್ಮೆ ಎಲ್ಲ ಹೇಳಿದ. ಎರಡು ತಿಂಗಳು ಯಂತ್ರ ಮುಟ್ಟಬಾರದೆಂದು ಅವರು ವೈರು-ಸಾಮಾನಿನ ಕಪಾಟಿನ ಕೀಲಿಕೈ ಇಸಿದುಕೊಂಡರು. ಹದಿನೈದು ವರ್ಷ ಸೊಂಟದಲ್ಲಿದ್ದ ಕೀಲಿಕೈ ಅದು.

ಮರುದಿನ ಹೊಳೆಯಪ್ಪ ಮೊದಲ ಸಲ ಮೈಕಿನ ಆಚೆ ಕೂತ. ಮೊದಲ ಪುಟದಲ್ಲೇ ಸಂಘಮಿತ್ರಾ ಹನ್ನೊಂದು ಸಲ ನಿಲ್ಲಿಸಿದಳು. “ಕಾಕಾ, ‘ಶಾಸನ’ ಅನ್ರಿ. ‘ಸಾಸನ’ ಅಲ್ಲ.” ಅವನು ನೀರು ಕುಡಿದು ಮತ್ತೆ ಓದಿದ. ಎರಡು ಪಾಠಕ್ಕೆ ಆರು ದಿನ ಹಿಡಿಯಿತು.

ಏಳನೆಯ ದಿನ ಅವಳು ಎಲ್ಲ ಕತ್ತರಿಸಿ ಜೋಡಿಸಿ ಅವನ ಕಿವಿಗೆ ಹೆಡ್‌ಫೋನು ಹಾಕಿದಳು. ತಡವರಿಕೆ ಇಲ್ಲ, ಕೆಮ್ಮಿಲ್ಲ. ಯಾರೋ ಓದಿ ನುರಿತವನು ಓದಿದಂತಿತ್ತು. ಎಲ್ಲಾದರೂ ಒಂದು ಕಡೆ ಬೆಸುಗೆ ಕೇಳಿಸೀತೆಂದು ಹೊಳೆಯಪ್ಪ ಕಣ್ಣು ಮುಚ್ಚಿ ಹುಡುಕಿದ. ಸಿಗಲಿಲ್ಲ. ಎದೆಯಲ್ಲಿ ಅದೇ ಹಳೆಯ ಉರಿ ಒಮ್ಮೆ ಎದ್ದಿತು. ಅದು ಇಳಿಯುವ ತನಕ ತಡೆದು, ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

“ಛಲೋ ಮಾಡೀಯವ್ವಾ” ಎಂದ. “ನನ್ನಿಂದ ಇಷ್ಟ ಛಂದ ಆಗತಿರಲಿಲ್ಲ.”