ಅವ್ವನ ಹೊಗೆಸೊಪ್ಪು

ಸೋಸಲೆಯ ನಮ್ಮ ಮನೆಯಲ್ಲಿ ಮಡಿ, ಮೈಲಿಗೆ, ಎಂಜಲು ಅಂತ ದಿನವಿಡೀ ರಗಳೆ. ತೊಂಬತ್ತರ ದಶಕದಲ್ಲಿ ದೇವನೂರಿನ ಶಾಲೆಗೆ ಮೇಷ್ಟ್ರಾಗಿ ಬಂದಾಗ ಅದನ್ನೆಲ್ಲ ಊರಲ್ಲೇ ಬಿಟ್ಟು ಬಂದೆ ಎಂದು ಬೀಗುತ್ತಿದ್ದೆ. ಬಾಡಿಗೆಗಿದ್ದದ್ದು ಲಿಂಗಾಯತ ರೈತರೊಬ್ಬರ ಮನೆಯ ಮುಂಗೋಣೆಯಲ್ಲಿ. ಆ ಮನೆಯ ಹಿರಿಯಾಕೆಯನ್ನು ಎಲ್ಲರಂತೆ ನಾನೂ ಅವ್ವ ಎನ್ನುತ್ತಿದ್ದೆ. ಬೆಳಿಗ್ಗೆ ಅವರ ಕೈಯ ಕಾಫಿ, ಸಂಜೆ ಅವರ ಮನೆಯ ಮುದ್ದೆ. ಊರಿಗೆ ಹೋದಾಗ ಇದನ್ನೇ ಹೇಳಿ ನಮ್ಮಮ್ಮನನ್ನು ರೇಗಿಸುವ ಕೊಬ್ಬು ಬೇರೆ.

ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಅವರ ಮನೆಯವರು ಹರಕೆ ತೀರಿಸಲು ಮಾದಪ್ಪನ ಬೆಟ್ಟಕ್ಕೆ ಹೊರಟರು. ನಾನೂ ಜೊತೆಯಾದೆ. ತಾಳಬೆಟ್ಟದವರೆಗೆ ಬಸ್ಸು, ಅಲ್ಲಿಂದ ಕಾಡಿನ ಕಾಲುದಾರಿಯಲ್ಲಿ ಬರಿಗಾಲ ನಡಿಗೆ. ದಾರಿಯ ಎರಡೂ ಕಡೆ ಹುಲ್ಲು ಒಣಗಿ ನಿಂತಿತ್ತು. ಉಣ್ಣೆ ಹತ್ತುವ ಕಾಲ ಅದು. ಎಳ್ಳಿಗಿಂತ ಸಣ್ಣ ಹುಳ. ಕಚ್ಚಿದ್ದು ಗೊತ್ತಾಗುವುದು ನವೆ ಶುರುವಾದ ಮೇಲೆಯೇ.

ಅವ್ವನ ಹತ್ತಿರ ಅದಕ್ಕೆ ಮದ್ದಿತ್ತು. ಹೊಗೆಸೊಪ್ಪು ಅಗಿದು, ರಸವನ್ನು ಅಂಗೈಗೆ ಉಗಿದುಕೊಂಡು, ಮಗನ ಕಾಲಿಗೆ, ಸೊಸೆಯ ಕಾಲಿಗೆ ಮೊಣಕಾಲವರೆಗೂ ಸವರಿದರು. ಆಮೇಲೆ ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು.

"ಪಂಚೆ ಎತ್ಕಳಿ ಮೇಷ್ಟ್ರೇ, ಒಂದೂ ಅತ್ತಾಕಿಲ್ಲ."

ಕಂದು ರಸ ತುಂಬಿದ ಅಂಗೈ ಹತ್ತಿರ ಬಂತು. ನಾನು ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದೆ. "ಥೂ, ಎಂಜಲು!" ಅಂದೇಬಿಟ್ಟೆ.

ಯೋಚಿಸಿ ಆಡಿದ ಮಾತಲ್ಲ. ನಾಚಿಕೆಗೇಡು ಅದೇ. ಯೋಚಿಸಿದ್ದರೆ ಏನಾದರೊಂದು ಸುಳ್ಳು ಹೇಳಿ ಮರ್ಯಾದೆಯಿಂದ ತಪ್ಪಿಸಿಕೊಳ್ಳುತ್ತಿದ್ದೆ. ಅವರ ಮಗ ಗಂಟುಮೂಟೆ ಎತ್ತಿಕೊಂಡ. ಅವ್ವ ಮಾತ್ರ "ಔದಲ್ವಾ, ನಾನೊಬ್ಳು" ಎಂದು ನಕ್ಕು, ಆ ಕೈಯನ್ನು ತಮ್ಮ ಕಾಲಿಗೇ ಒರೆಸಿಕೊಂಡರು.

ನಡುದಾರಿಯ ಮಂಟಪದಲ್ಲಿ ಕೂರುವಷ್ಟರಲ್ಲಿ ನಾನು ಎರಡೂ ಕೈಯಲ್ಲಿ ಕೆರೆದುಕೊಳ್ಳುತ್ತಿದ್ದೆ. ಮೊಣಕಾಲ ಹಿಂದೆ, ಸೊಂಟದ ಸುತ್ತ, ಎಲ್ಲಿ ನೋಡಿದರೂ ಉಣ್ಣೆ. ಉಳಿದವರೆಲ್ಲ ಆರಾಮಾಗಿ ಪುರಿ ತಿನ್ನುತ್ತಿದ್ದರು. ಒಂದನ್ನು ಉಗುರಲ್ಲಿ ಕೀಳಲು ಹೋದೆ.

"ಕೀಳ್‌ಬ್ಯಾಡಿ, ತಲೆ ಒಳಗೇ ಉಳ್ಕಂಡು ಕೀವಾಯ್ತದೆ" ಎಂದು ಅವ್ವ ಎದ್ದರು. ಬಾಯಲ್ಲಿದ್ದ ಹೊಗೆಸೊಪ್ಪನ್ನು ಪೂರ್ತಿ ಉಗಿದರು. ಕುಡಿಯಲು ಉಳಿದಿದ್ದ ನೀರೇ ಒಂದಿಷ್ಟು. ಅದರಲ್ಲಿ ಬಾಯಿ ಮುಕ್ಕಳಿಸಿ, ಎರಡೆರಡು ಸಲ ಕೈ ತೊಳೆದರು. ಆಮೇಲೆ ಎಲೆಯಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿಗೆ ಸುಣ್ಣ ಹಚ್ಚಿಕೊಂಡು, ನನ್ನನ್ನು ಮುಟ್ಟುವ ಮುಂಚೆ ಆ ಬೆರಳನ್ನು ನನಗೆ ತೋರಿಸಿದರು.

"ಎಂಜ್ಲಲ್ಲ ಮೇಷ್ಟ್ರೇ. ಬರೀ ಸುಣ್ಣ ಕಣಿ."

ಭೂಮಿಗೆ ಇಳಿದುಹೋದೆ. ಆದರೂ ಬಾಯಿಂದ ಹೊರಟದ್ದು ಬರೀ "ಹೂಂ". ಕಾಲು ಚಾಚಿದೆ. ಅವರು ಒಂದೊಂದಕ್ಕೂ ಸುಣ್ಣ ಮೆತ್ತಿ, ಅದು ಸಡಿಲವಾಗುವವರೆಗೆ ಕಾದು, ಮೆಲ್ಲಗೆ ಬಿಡಿಸಿದರು.

ದೇವನೂರಿಗೆ ಮರಳಿದ ಮಾರನೆಯ ಬೆಳಿಗ್ಗೆ ಅವ್ವ ಎಂದಿನಂತೆ ಕಾಫಿ ತಂದರು. ಮುಂಚೆ ಲೋಟ ತುಂಬಿಸಿಯೇ ತರುತ್ತಿದ್ದರು. ಅವತ್ತು ಖಾಲಿ ಲೋಟ ತಂದು, ನನ್ನ ಹೊಸ್ತಿಲ ಮುಂದೆ, ನನಗೆ ಕಾಣುವ ಹಾಗೆ ನೀರು ಹಾಕಿ ತೊಳೆದು, ಆಮೇಲೆ ಕಾಫಿ ಬಗ್ಗಿಸಿದರು. ಮುಖದಲ್ಲಿ ಕೋಪವಿರಲಿಲ್ಲ. ತೊಳೀಬೇಡಿ ಅವ್ವ ಎನ್ನಬೇಕೆಂದುಕೊಂಡೆ. ಥೂ ಎನ್ನಲು ಒಂದು ಕ್ಷಣವೂ ತಡಮಾಡದ ಬಾಯಿ ಆಗ ತೆರೆಯಲೇ ಇಲ್ಲ. ಅಲ್ಲಿದ್ದ ಇನ್ನೆರಡು ವರ್ಷವೂ ದಿನಾ ಬೆಳಿಗ್ಗೆ ಅವರು ಲೋಟ ತೊಳೆದರು, ನಾನು ಕಾಫಿ ಕುಡಿದೆ.