ಶಶಿಕಲಾಳ ಏಳನೇ ಗೇರು

ಹುಮನಾಬಾದಿನ ಶಶಿಕಲಾ ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ನೆಲೆಸಿ, ಅಲ್ಲಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವಳು. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ದಿನವೂ ಗೇರ್ ಸೈಕಲ್ ಮೇಲೆ ಕೆಲಸಕ್ಕೆ ಹೋಗುತ್ತಿದ್ದಳು. ಶನಿವಾರ ಯಾರದೋ ಬೈಕು ತಾಗಿ ನಿಲ್ಲಿಸಿದ್ದ ಸೈಕಲ್ ಬಿತ್ತು. ಆಮೇಲೆ ಗೇರು ಬದಲಿಸಿದಾಗಲೆಲ್ಲ ಚೈನು ಕಳಚತೊಡಗಿತು. "ಪೂರಾ ಸೆಟ್ ಬದಲಿಸಬೇಕು, ಸಾಮಾನು ಬರಲು ಎಂಟು ದಿನ" ಎಂದ ಸೈಕಲ್ ಅಂಗಡಿಯವ.

"ಎಂಟು ದಿನ ರಿಕ್ಷಾದಾಗ ಹೋಗು, ಯಾಕ ತ್ರಾಸ ತಗೋತಿ?" ಎಂದರು ಗಂಡ ವಿರೂಪಾಕ್ಷ.

"ಎಲ್ಲಿ ಬಾಗ್ಯಾದ ಅಂತ ನನಗ ಕಾಣಸ್ತದ್ರಿ. ಕಂಡಮ್ಯಾಲ ಸುಮ್ಮ ಹ್ಯಾಂಗ ಕೂಡಲಿ?"

ಮರುದಿನ ಭಾನುವಾರ ಬೆಳಿಗ್ಗೆ ಮನೆ ಮೇಲಿನ ಗಚ್ಚಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಳು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ತೋಳು ಒಳಕ್ಕೆ ಬಾಗಿತ್ತು. ಬೋಲ್ಟು ತಿರುಗಿಸುವ ಪಾನಾ ಹಾಕಿ, ಮುರಿಯದಂತೆ ಮೆಲ್ಲಗೆ ಎಳೆದಳು. ಕಣ್ಣು ಕಿರಿದು ಮಾಡಿ ನೋಡಿದಳು, ಮತ್ತೆ ಎಳೆದಳು. ಎರಡು ಸಲ ಚೈನು ಕಳಚಿತು. ಮೂರನೇ ಸಲ ಗೇರಿನ ತಂತಿ ಬಿಗಿಮಾಡಿ ಪೆಡಲ್ ತಿರುಗಿಸಿದಾಗ ಚೈನು ಒಂದೊಂದೇ ಚಕ್ರ ಹತ್ತಿತು. ಏಳರಲ್ಲಿ ಆರು ಗೇರು ಸರಿಯಾದವು. ಕೊನೆಯದು ಮಾತ್ರ ಕಟಕಟ ಅನ್ನುತ್ತಲೇ ಇತ್ತು.

"ಆರು ಸಾಕಲ್ಲ?" ಎಂದರು ವಿರೂಪಾಕ್ಷ.

"ನಾಳಿಗಿ ಸಾಕ್ರಿ" ಎಂದು ಶಶಿಕಲಾ ಗ್ರೀಸ್ ಹತ್ತಿದ ಕೈ ಒರೆಸಿಕೊಂಡಳು. "ಏಳನೇದು ಮುಂದಿನ ಐತವಾರ."